ಗಿಡುಗದ ಪಟ, ಗಾಳಿಗೆ ತಿರುಗುವ ಗೂಬೆ: ಪಾರಿವಾಳ ಓಡಿಸಿದ ನನ್ನ ಅನುಭವ

ಪ್ಲಾಸ್ಟಿಕ್ ಗೂಬೆಗೆ ಪಾರಿವಾಳ ಹೆದರುವುದಿಲ್ಲ ಅನ್ನುವವರ ಮಾತು ಅರ್ಧ ನಿಜ. ತಂದು ಒಂದೇ ಕಡೆ ಇಟ್ಟು ಮರೆತರೆ ವಾರ, ಹತ್ತು ದಿನದಲ್ಲಿ ಹಕ್ಕಿಗಳಿಗೆ ಅದು ರೂಢಿಯಾಗಿಬಿಡುತ್ತದೆ, ಆಮೇಲೆ ಅದರ ತಲೆಯ ಮೇಲೇ ಕೂರುತ್ತವೆ. ಆದರೆ ಅದೇ ಗೂಬೆ ಮತ್ತು ಗಿಡುಗದ ಆಕಾರದ ಒಂದು ಗಾಳಿಪಟ, ಎರಡನ್ನೂ ಸರದಿಯ ಮೇಲೆ ಬಳಸಿ ತಾರಸಿಯನ್ನು ಹೆಚ್ಚುಕಡಿಮೆ ಎರಡು ವರ್ಷದಿಂದ ಹಿಕ್ಕೆಯಿಲ್ಲದೆ ಇಟ್ಟಿದ್ದೇನೆ. ದುಡ್ಡು ದಂಡ ಅಂದವರೇ ಈಗ ಅಳತೆ ಕೇಳುತ್ತಿದ್ದಾರೆ.

ಕೆಲಸದಲ್ಲಿ ಮುಕ್ಕಾಲು ಪಾಲು ಪಟದ್ದೇ. ರೆಕ್ಕೆಯಗಲ ಸುಮಾರು 1.2 ಮೀಟರ್, ನೈಲಾನ್ ಬಟ್ಟೆ, ಒಳಗೆ ಫೈಬರ್ ಕಡ್ಡಿ. ಕಂಬ 6 ಮೀಟರಿನ ಟೆಲಿಸ್ಕೋಪಿಕ್ (ಒಂದರೊಳಗೊಂದು ಸೇರುವ) ಫೈಬರ್‌ಗ್ಲಾಸ್. ಬುಡವನ್ನು ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಇಳಿಸಿ, ಪೈಪನ್ನು ಪ್ಯಾರಪೆಟ್‌ಗೆ ಎರಡು ಕಡೆ ಕ್ಲಾಂಪ್ ಹಾಕಿ ಬಿಗಿಯಬೇಕು. ದಾರ ಹೆಣೆದದ್ದೇ ಆಗಲಿ. ಒಂಟಿ ಎಳೆಯ ನೈಲಾನ್ ದಾರ ಸುರುಳಿ ಬಿದ್ದು ಗಂಟಾಗುತ್ತದೆ. ಪಟದ ತುದಿಗೊಂದು, ಕಂಬದ ತುದಿಗೊಂದು ಸ್ವಿವೆಲ್, ಅಂದರೆ ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ, ಬೇಕೇ ಬೇಕು. ದಾರ ಕಂಬಕ್ಕಿಂತ ಗಿಡ್ಡವಿರಲಿ, ಗಾಳಿ ನಿಂತಾಗ ಪಟ ನೆಲ ಮುಟ್ಟದೆ ಅರ್ಧ ಮೀಟರ್ ಮೇಲೇ ತೂಗಾಡಬೇಕು.

ಎಲ್ಲರಿಗೂ ಕೈಕೊಡುವುದು ದಾರ ಕಂಬಕ್ಕೆ ಸುತ್ತಿಕೊಳ್ಳುವ ಜಾಗದಲ್ಲಿ. ಗಾಳಿ ನಿಂತು ಪಟ ಕಂಬಕ್ಕೆ ಆತುಕೊಂಡು ನೇತಾಡುತ್ತದೆ, ಮತ್ತೆ ಗಾಳಿ ಬೇರೆ ದಿಕ್ಕಿನಿಂದ ಎದ್ದಾಗ ಸುತ್ತು ಹಾಕುತ್ತದೆ. ಸುತ್ತಿಕೊಂಡು ಒದ್ದಾಡುವ ಗಿಡುಗವನ್ನು ಪಾರಿವಾಳಗಳು ಒಂದು ಬೆಳಗ್ಗೆ ನೋಡಿದರೂ ಸಾಕು, ಹೆದರಿಕೆ ಅಲ್ಲಿಗೆ ಮುಗಿಯಿತು. ಇದಕ್ಕೆ ಕಂಬವನ್ನು ನೆಟ್ಟಗೆ ನಿಲ್ಲಿಸದೆ, ಗಾಳಿ ಸಾಮಾನ್ಯವಾಗಿ ಬೀಸಿ ಹೋಗುವ ಕಡೆಗೆ 15 ಡಿಗ್ರಿ ವಾಲಿಸಿ. 6 ಮೀಟರ್ ಕಂಬದ ತುದಿ ಬುಡದಿಂದ ಒಂದೂವರೆ ಮೀಟರ್ ಆಚೆ ಹೋಗುವುದರಿಂದ ಪಟ ಬಿದ್ದರೂ ಕಂಬಕ್ಕೆ ತಗಲುವುದಿಲ್ಲ. ನನ್ನ ಪಟ ಗಂಟೆಗೆ 8-10 ಕಿ.ಮೀ. ಗಾಳಿಗೆ ಏಳುತ್ತದೆ, 35 ದಾಟಿದರೆ ಇಳಿಸುತ್ತೇನೆ. ಮಳೆಯಲ್ಲಿ ಬಟ್ಟೆ ನೆನೆದು ಭಾರವಾಗುತ್ತದೆ, ಆಗ ಹಾರಿಸುವ ಗೋಜಿಗೇ ಹೋಗಬೇಡಿ.

ದುಡ್ಡು ಹೆಚ್ಚು ಹೋಗುವುದು ಕಂಬಕ್ಕೆ, ಆದರೆ ಅದು ಒಂದೇ ಸಲದ ಖರ್ಚು. ಪಟ ಮಾತ್ರ ಬಿಸಿಲಿಗೆ ಮೂರ್ನಾಲ್ಕು ತಿಂಗಳಲ್ಲಿ ಸಾಯುತ್ತದೆ. ಮೊದಲು ಹರಿಯುವುದು ರೆಕ್ಕೆಯ ಹಿಂಬದಿಯ ಅಂಚು. ಹೊಸದರಲ್ಲೇ ಅಲ್ಲಿ ಪಟ್ಟಿ ಇಟ್ಟು ಎರಡು ಸಾಲು ಹೊಲಿದರೆ ಆಯಸ್ಸು ಒಂದೂವರೆ ಪಟ್ಟಾದರೂ ಹೆಚ್ಚುತ್ತದೆ. ನನ್ನ ಪಟದ ಹೊಟ್ಟೆಯ ಕಡೆ ಹೇಗೆ ಬಣ್ಣ ಹೊಡೆದಿದ್ದೇನೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಗೂಬೆಗೆ ಹಳೇ ಸೈಕಲ್ಲಿನ ಮುಂದಿನ ಹಬ್ (ಚಕ್ರದ ನಡುವಿನ ತಿರುಗುವ ಭಾಗ) ಸಾಕು. ಆಕ್ಸಲನ್ನು ಕಂಬಕ್ಕೆ ನಟ್ ಹಾಕಿ ನೆಟ್ಟಗೆ ನಿಲ್ಲಿಸಿ, ಕಡ್ಡಿ ಸಿಕ್ಕಿಸುವ ತೂತುಗಳಲ್ಲಿ ಸ್ಕ್ರೂ ತೂರಿಸಿ ಗೂಬೆಯ ಬುಡ ಕೂರಿಸಿ. ಬೆನ್ನಿಗೆ ಅಂಗೈಯಗಲದ ಅಲ್ಯೂಮಿನಿಯಂ ತಗಡು ಬಾಲದ ಹಾಗೆ ಚಾಚಿದರೆ, ಗಾಳಿ ದಿಕ್ಕು ಬದಲಿಸಿದಾಗ ಗೂಬೆ ತಟ್ಟನೆ ತಿರುಗಿ ನಿಲ್ಲುತ್ತದೆ. ಇಡೀ ದಿನ ಗಿರಗಿರ ಸುತ್ತುವ ಗೂಬೆ ಬೇಡ, ಒಂದೇ ಲಯದ ಸುತ್ತಾಟ ಹಕ್ಕಿಗೆ ಬೇಗ ರೂಢಿಯಾಗುತ್ತದೆ. ಗೂಬೆ ಬೀಳದಿರಲಿ ಎಂದು ಹೊಟ್ಟೆಗೆ ಮರಳು ತುಂಬುವವರಿದ್ದಾರೆ. ಹಬ್ ಮೇಲೆ ಕೂರಿಸುವುದಾದರೆ ಖಾಲಿಯೇ ಇರಲಿ, ಭಾರವಾದರೆ ತಿರುಗದು. ಬ್ಯಾಟರಿಯಲ್ಲಿ ರೆಕ್ಕೆ ಬಡಿಯುವ ಗೂಬೆಗೆ ಇಂಥ ಮೂರು ಗೂಬೆಯ ದುಡ್ಡು ಸುರಿದೆ, ಒಳಗೆ ನೀರು ಹೊಕ್ಕು ಒಂದೇ ಮಳೆಗಾಲಕ್ಕೆ ಮೋಟಾರು ಕೆಟ್ಟಿತು.

ಸರದಿ ಹೀಗೆ: ಪಟ ಮೂರು ದಿನ, ಎರಡು ದಿನ ಏನೂ ಇಲ್ಲ, ಗೂಬೆ ಎರಡು ದಿನ, ಮತ್ತೆ ಖಾಲಿ. ಪ್ರತಿ ಸಲ ಮೂಲೆ ಬದಲಾಗಬೇಕು. ನನ್ನ ಪ್ರಕಾರ ಬೊಂಬೆಗಿಂತ ಈ ಖಾಲಿ ದಿನಗಳೇ ಹೆಚ್ಚು ಕೆಲಸ ಮಾಡುತ್ತವೆ. ಪಟ ಏರಬೇಕಾದದ್ದು ಬೆಳಕು ಹರಿಯುವ ಮೊದಲು, ಹಕ್ಕಿ ಬಂದು ಕೂತ ಮೇಲಲ್ಲ. ಕತ್ತಲಾಗುವಾಗ ಇಳಿಸಿ. ಚೆಲ್ಲಿದ ಕಾಳು, ನಿಂತ ನೀರು ಹಾಗೇ ಬಿಟ್ಟಿದ್ದರೆ ಇದ್ಯಾವುದೂ ನಡೆಯದು.

ಕಾಗೆಯ ಲೆಕ್ಕವೇ ಬೇರೆ. ಗೂಬೆ ಕಂಡರೆ ಓಡುವ ಬದಲು ಬಳಗ ಕರೆದು ಮುತ್ತುತ್ತವೆ, ಗಲಾಟೆ ದುಪ್ಪಟ್ಟು. ಅಮೆರಿಕದ ವನ್ಯಜೀವಿ ಸಂಶೋಧಕ ಮೈಕೆಲ್ ಕಾನೋವರ್ 1985ರಲ್ಲೇ ಪ್ರಕಟಿಸಿದ ಪ್ರಯೋಗದಲ್ಲಿ ತರಕಾರಿ ಮಡಿಗಳನ್ನು ಕಾಗೆಗಳಿಂದ ಕಾದದ್ದು ಸುಮ್ಮನೆ ಕೂತ ಗೂಬೆಯಲ್ಲ, ಉಗುರಲ್ಲಿ ಕಾಗೆ ಬೊಂಬೆ ಹಿಡಿದು ಅಲುಗಾಡುವ ಗೂಬೆ. ನಾನೂ ಕಪ್ಪು ಬಟ್ಟೆಯ ಕಾಗೆ ಮಾಡಿ, ಒಂದು ರೆಕ್ಕೆ ಸಡಿಲ ಬಿಟ್ಟು ಗೂಬೆಯ ಕಾಲಿಗೆ ಕಟ್ಟಿದೆ. ಮುತ್ತುವುದು ನಿಂತಿತು. ಕಾಗೆಗಳು ದೂರದಲ್ಲಿ ಕೂತು ಕೂಗುತ್ತವೆ, ಹತ್ತಿರ ಬರುವುದಿಲ್ಲ. ರಬ್ಬರ್ ಹಾವನ್ನೂ ಹಾಕಿ ನೋಡಿದೆ, ಪಾರಿವಾಳ ಅದರ ಪಕ್ಕದಲ್ಲೇ ಕಾಳು ಹೆಕ್ಕಿತು. ಮಿನುಗಲೆಂದು ತೂಗುಹಾಕುವ ಹಳೇ ಸಿಡಿ ಬಿಸಿಲಿದ್ದಾಗ ಮಾತ್ರ ಲೆಕ್ಕಕ್ಕೆ.

ಕಿಟಕಿಯ ಮೇಲಿನ ಸಜ್ಜಾದಲ್ಲಿ ಪಾರಿವಾಳದ ಮೊಟ್ಟೆ ಇದ್ದರೆ ಯಾವ ಬೊಂಬೆಗೂ ತಾಯಿ ಹಕ್ಕಿ ಏಳುವುದಿಲ್ಲ. ಮೊಟ್ಟೆ ಒಡೆಯಲು ಹದಿನೆಂಟು ದಿನದ ಹತ್ತಿರ, ಮರಿ ಹಾರಲು ಇನ್ನೊಂದು ತಿಂಗಳು. ಅಲ್ಲಿಯವರೆಗೆ ಕಾಯಿರಿ, ಪಟ ವ್ಯರ್ಥ ಮಾಡಬೇಡಿ. ಮರಿ ಹಾರಿದ ದಿನವೇ ಮುಖಕ್ಕೆ ಮಾಸ್ಕ್ ಹಾಕಿ, ಹಿಕ್ಕೆಗೆ ನೀರು ಚಿಮುಕಿಸಿ ನೆನೆಸಿ ಕೆರೆದು ತೆಗೆಯಿರಿ. ಒಣಗಿದ್ದನ್ನು ಗುಡಿಸಿದರೆ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಆಮೇಲೆ ಹಕ್ಕಿ ಮತ್ತೆ ಕೂರದಂತೆ ಅಲ್ಲಿ 45 ಡಿಗ್ರಿಗಿಂತ ಕಡಿದಾಗಿ ಹಲಗೆ ಬಡಿದು, ಮಾರನೇ ಬೆಳಗ್ಗೆ ಪಟ ಏರಿಸಿ.