ಅರ್ಧ ನಟ್ ಹಾಕ್ಲಿಕ್ಕೆ ಆಗುದಿಲ್ಲ ಅಲ್ವಾ ಸರ್

ಉಡುಪಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಪರಮಾಣು ಪಾಠಕ್ಕೆ ಈಗ ಬೋರ್ಡಿನ ಮೇಲೆ ಗುಂಡು ಗುಂಡು ಚಿತ್ರ ಬರೆಯುವುದಿಲ್ಲ. ಬರೆದರೆ, ಯಾರೋ ಕಣ್ಣಾರೆ ಕಂಡೇ ಬರೆದದ್ದು ಅಂತ ಮಕ್ಕಳಿಗೆ ಅನಿಸಿಬಿಡುತ್ತದೆ. ಪರಮಾಣು ಸಿದ್ಧಾಂತ ಮಂಡಿಸಿದ ವಿಜ್ಞಾನಿ ಡಾಲ್ಟನ್ ಕೂಡ ಕಂಡಿರಲಿಲ್ಲ. 1808ರಲ್ಲಿ ಪುಸ್ತಕ ಹೊರತಂದಾಗ ಅವರಿಗೆ ಮುಖ್ಯ ಆಧಾರವಾಗಿದ್ದದ್ದು ತೂಕದ ಲೆಕ್ಕ.

ಮೊದಲ ವರ್ಷ ಹುಣಸೆ ಬೀಜ, ಮಂಜೊಟ್ಟಿ ಕಾಯಿ ಸೇರಿಸಿ ತೂಗಿಸಿದೆ. ಸರಿ ಬರಲಿಲ್ಲ. ಹತ್ತು ಹುಣಸೆ ಬೀಜಕ್ಕೆ ಒಂದು ತೂಕ ಬಂದರೆ, ಬೇರೆ ಹತ್ತಕ್ಕೆ ಇನ್ನೊಂದು. ಅನುಪಾತ ಎಲ್ಲಿಂದ ಬರಬೇಕು? ಒಂದು ಧಾತುವಿನ ಪರಮಾಣುಗಳೆಲ್ಲ ಒಂದೇ ತೂಕ ಅಂತ ಡಾಲ್ಟನ್ ಯಾಕೆ ಇಟ್ಟುಕೊಂಡರು ಅಂತ ನನಗೆ ಚೆನ್ನಾಗಿ ಅರ್ಥವಾದದ್ದು ಆವತ್ತೇ. (ಐಸೋಟೋಪ್, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು, ಗೊತ್ತಾದದ್ದು ಎಷ್ಟೋ ಆಮೇಲೆ. ಅದನ್ನು ಕೊನೆಗೆ ಹೇಳಿದರೆ ಸಾಕು.)

ಮರುವರ್ಷ ಹಾರ್ಡ್‌ವೇರ್ ಅಂಗಡಿಯಿಂದ ಬೋಲ್ಟು, ನಟ್ಟು ತಂದೆ. ಬೋಲ್ಟ್ 20 ಗ್ರಾಂ, ನಟ್ 5 ಗ್ರಾಂ. ಮೂರು ಡಬ್ಬದಲ್ಲಿ ಹಾಕಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಮೇಲೆ ಬೋಲ್ಟಿನ ಒಟ್ಟು ತೂಕ, ನಟ್ಟಿನ ಒಟ್ಟು ತೂಕ ಮಾತ್ರ ಬರೆದೆ: 200ಕ್ಕೆ 50, 120ಕ್ಕೆ 60, 160ಕ್ಕೆ 120. ಒಂದೊಂದರ ತೂಕ ಹೇಳಲಿಲ್ಲ. 100 ಗ್ರಾಂ ಬೋಲ್ಟಿಗೆ ನಟ್ ಎಷ್ಟು ಅಂತ ಲೆಕ್ಕ ಹಾಕಿಸಿದೆ. 25, 50, 75 ಬಂತು.

"ನಡುವೆ 38 ಯಾಕೆ ಬರಲಿಲ್ಲ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿ, "ಅರ್ಧ ನಟ್ ಹಾಕ್ಲಿಕ್ಕೆ ಆಗುದಿಲ್ಲ ಅಲ್ವಾ ಸರ್" ಅಂದಳು. ನನಗೆ ಬೇಕಾಗಿದ್ದ ಮಾತು ಅದೇ! ತಕ್ಷಣ ಕಾರ್ಬನ್ ಲೆಕ್ಕ ಕೊಟ್ಟೆ. 3 ಗ್ರಾಂ ಕಾರ್ಬನ್ ಜೊತೆ 4 ಗ್ರಾಂ ಆಕ್ಸಿಜನ್ ಸೇರಿದರೆ ಕಾರ್ಬನ್ ಮಾನಾಕ್ಸೈಡ್, 8 ಗ್ರಾಂ ಸೇರಿದರೆ ಕಾರ್ಬನ್ ಡೈಆಕ್ಸೈಡ್. ಸರಿಯಾಗಿ ಇಮ್ಮಡಿ. ರಾಸಾಯನಿಕ ಕ್ರಿಯೆಯಲ್ಲಿ ಒಟ್ಟು ತೂಕ ಬದಲಾಗುವುದಿಲ್ಲ ಅನ್ನುವ ಲವಾಸಿಯೆ ನಿಯಮ, ಒಂದು ಸಂಯುಕ್ತದಲ್ಲಿ ಧಾತುಗಳ ತೂಕದ ಅನುಪಾತ ಯಾವಾಗಲೂ ಒಂದೇ ಅನ್ನುವ ಪ್ರೌಸ್ಟ್ ನಿಯಮ ಆಮೇಲೆ ಹೇಳಿದೆ, ಬೇಗ ಮುಗಿಯಿತು.

ಆಗ ಇನ್ನೊಬ್ಬ ಹುಡುಗ ಕೇಳಿದ, "ಮೊದಲ ಡಬ್ಬದಲ್ಲೇ ಬೋಲ್ಟಿಗೆ ಎರಡೆರಡು ನಟ್ ಇದ್ರೆ ಸರ್?" ಇದ್ದರೂ ಇರಬಹುದು, ಮುಂದಿನದಕ್ಕೆ ನಾಲ್ಕು, ಆರು. ತೂಕ ಅಷ್ಟೇ, ಅನುಪಾತವೂ ಅಷ್ಟೇ. ಡಾಲ್ಟನ್ ಸಿಕ್ಕಿಬಿದ್ದದ್ದೂ ಇಲ್ಲೇ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಅಂತ ಅವರು ಭಾವಿಸಿದ್ದರು, ಹಾಗಾಗಿ ಆಕ್ಸಿಜನ್ ಪರಮಾಣುವಿನ ತೂಕ ಇರಬೇಕಾದ್ದಕ್ಕಿಂತ ತುಂಬಾ ಕಡಿಮೆ ಬಂತು. ಯಾವುದು ಎಷ್ಟು ಪರಮಾಣು ಅಂತ ತಿಳಿಯಲು ಅವೊಗಾಡ್ರೊ 1811ರಲ್ಲೇ ಅನಿಲಗಳ ಗಾತ್ರದಿಂದ ದಾರಿ ತೋರಿಸಿದ್ದರೂ, ಕ್ಯಾನಿಜಾರೊ 1860ರಲ್ಲಿ ಅದನ್ನು ಬಿಡಿಸಿ ಹೇಳುವ ತನಕ ಹೆಚ್ಚಿನವರು ಒಪ್ಪಿರಲಿಲ್ಲ.

ಗಂಟೆ ಹೊಡೆಯಿತು. ಡಬ್ಬ ತೆರೆಯಿರಿ ಅಂತ ಮಕ್ಕಳು ಸುತ್ತುವರಿದರು. ನಾನು ತೆರೆಯಲಿಲ್ಲ.