ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿರುವವರಿಗೆ: ಪ್ರಬಂಧ ಓದುವ ಕ್ರಮ
ಶಿವಮೊಗ್ಗ, ಶಂಕರಘಟ್ಟದ ಕಡೆ ಸಂಶೋಧನೆಗೆ ಸೇರಿರುವ ತಮ್ಮ-ತಂಗಿಯರೇ, ಸಂಶೋಧನಾ ಪ್ರಬಂಧವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಒಂದೇ ಉಸಿರಿಗೆ ಓದಲು ಹೋಗಬೇಡಿ. ಸಾರಾಂಶ, ಪೀಠಿಕೆ ಮುಗಿಸಿ ನೇರವಾಗಿ ಸಿಮ್ಯುಲೇಷನ್ ಕೋಷ್ಟಕಕ್ಕೆ, ಅಂದರೆ ಕಂಪ್ಯೂಟರಿನಲ್ಲಿ ಸೃಷ್ಟಿಸಿದ ದತ್ತಾಂಶದ ಮೇಲೆ ವಿಧಾನವನ್ನು ಪರೀಕ್ಷಿಸಿದ ಫಲಿತಾಂಶಗಳ ಪಟ್ಟಿಗೆ ಬನ್ನಿ. ಯಾವ ಹಳೆಯ ವಿಧಾನದೊಂದಿಗೆ ಹೋಲಿಸಿದ್ದಾರೆ, ಮಾದರಿಯ ಗಾತ್ರ ಎಷ್ಟು, ಹೊಸ ವಿಧಾನ ಎಲ್ಲಿ ಸೋತಿದೆ ಎಂಬುದನ್ನು ಅಂಚಿನಲ್ಲೇ ಬರೆದುಕೊಳ್ಳಿ. ಪ್ರಮೇಯದ ಸಾಧನೆ (ಪ್ರೂಫ್) ಎರಡನೇ ಓದಿಗೆ ಇರಲಿ, ಅದರ ಷರತ್ತುಗಳನ್ನು ಮಾತ್ರ ಬಿಡಬೇಡಿ.

ಆಮೇಲೆ ಒಂದು ಕೋಷ್ಟಕವನ್ನಾದರೂ ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ (R) ತಂತ್ರಾಂಶದಲ್ಲಿ ನೀವೇ ಮತ್ತೆ ಮಾಡಿ ನೋಡಿ. ಆರ್ ಉಚಿತವಾಗಿಯೇ ಸಿಗುತ್ತದೆ. ಹೀಗೆ ನೀವೇ ಮಾಡಿ ನೋಡಬೇಕು ಎಂಬುದನ್ನೇ ನಾನು ಒತ್ತಿ ಹೇಳುವುದು. ಬಳಿಕ ಅದೇ ವಿಧಾನವನ್ನು ನಮ್ಮ ಕಡೆಯ ದತ್ತಾಂಶಕ್ಕೆ ಅನ್ವಯಿಸಿ. ಆಗುಂಬೆಯ ದಿನವಹಿ ಮಳೆಯನ್ನೇ ತೆಗೆದುಕೊಳ್ಳಿ: ಜನವರಿಯಲ್ಲಿ ಸಾಲುಸಾಲು ಸೊನ್ನೆ, ಜುಲೈನಲ್ಲಿ ಭಾರಿ ಅಂಕಿಗಳು, ಇಂದಿನ ಮಳೆಗೂ ನಾಳೆಯದಕ್ಕೂ ನಂಟು. ಪ್ರಸಾಮಾನ್ಯ ವಿತರಣೆ (ಸರಾಸರಿಯ ಎರಡೂ ಬದಿಗೆ ಸಮನಾಗಿ ಹರಡಿದ ಗಂಟೆಯಾಕಾರ), ಸ್ವತಂತ್ರ ಅವಲೋಕನ (ಒಂದರ ಅಂಕಿಗೆ ಇನ್ನೊಂದರ ನಂಟಿಲ್ಲ) ಎಂದು ಪ್ರಬಂಧ ಊಹಿಸಿಕೊಂಡಿದ್ದರೆ ಅಲ್ಲೇ ಬಿರುಕು ಕಾಣುತ್ತದೆ. ನಿಮ್ಮ ಮುಂದಿನ ಸಂಶೋಧನಾ ಪ್ರಶ್ನೆ ಅಲ್ಲಿಯೇ ಇರಬಹುದು.

ಮುಂದೆ ಉದ್ಯೋಗ ಹುಡುಕುವಾಗ ತೋರಿಸಲು, ನೀವು ಬರೆದ ಕೋಡ್ ಅನ್ನು ವಿವರಣೆಯೊಂದಿಗೆ, ಕೋಡ್ ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇಡಿ. ಜೊತೆಗೆ, ಎಲೆಚುಕ್ಕಿ ರೋಗದ ಅಂಕಿಅಂಶವನ್ನು ಪಕ್ಕದ ಮನೆಯ ಅಡಿಕೆ ಬೆಳೆಗಾರರಿಗೆ ಒಂದೂ ಸೂತ್ರವಿಲ್ಲದೆ ವಿವರಿಸಿ, ಅವರು ಕೇಳುವ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಔಷಧ ಕಂಪನಿಯ ಸಂದರ್ಶನವಾಗಲಿ, ಬ್ಯಾಂಕಿನದಾಗಲಿ, ಇಂಥ ತಯಾರಿ ನಿಜಕ್ಕೂ ಕೈಹಿಡಿಯುತ್ತದೆ.