‘ಎಷ್ಟನೇ ನಿಮಿಷದಲ್ಲಿ?’ – ರಾಜಕೀಯ ಪಾಡ್‌ಕಾಸ್ಟ್ ನಡೆಸುವವಳ ಅನುಭವ

ಶಿವಮೊಗ್ಗದಲ್ಲಿ ಕೂತು ರಾಜಕೀಯದ ಪಾಡ್‌ಕಾಸ್ಟ್ ಮಾಡಿದರೆ ಮೊದಲ ಪ್ರಶ್ನೆ ವಿಷಯದ ಬಗ್ಗೆ ಬರುವುದಿಲ್ಲ. ‘ನೀವಿಬ್ಬರೂ ಯಾವ ಪಾರ್ಟಿ?’ ಅಂತ ಬರುತ್ತದೆ. ಬರಲೇಬೇಕು ಬಿಡಿ. ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಜೆ.ಎಚ್. ಪಟೇಲ್, ಯಡಿಯೂರಪ್ಪ ಅಂತ ಬೆರಳು ಮಡಚಿ ಮುಖ್ಯಮಂತ್ರಿಗಳನ್ನು ಎಣಿಸುವ ಜಿಲ್ಲೆ ಇದು. (ಪಟೇಲರ ಚನ್ನಗಿರಿ 1997ರಲ್ಲೇ ದಾವಣಗೆರೆ ಜಿಲ್ಲೆಗೆ ಹೋಯಿತು. ಆದರೂ ಪಟೇಲರನ್ನು ನಾವು ಬಿಟ್ಟುಕೊಟ್ಟಿಲ್ಲ.) ಇಲ್ಲಿ ಯಾವ ಕಡೆಯೂ ಇಲ್ಲದವರು ಇರ್ತಾರೆ ಅಂದರೆ ಯಾರೂ ನಂಬಲ್ಲ.

ನಾನು ಮತ್ತು ನನ್ನ ಗೆಳೆಯ ಸೇರಿ ನಡೆಸುತ್ತೇವೆ. ಒಂದು ಕಂತು ಅರ್ಧ ಗಂಟೆ. 64 ಕೆಬಿಪಿಎಸ್ ಮೋನೋ ಫೈಲ್ ಮಾಡಿದರೆ ಸುಮಾರು 14 ಎಂಬಿ ಆಗುತ್ತದೆ. ಹೊಸನಗರದ ಒಳಹಳ್ಳಿಗಳಲ್ಲಿ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತುವವರಿಗೂ ಇಷ್ಟಾದರೆ ವಾಟ್ಸಾಪಿನಲ್ಲಿ ಇಳಿಯುತ್ತದೆ. ಉತ್ತರವೂ ಅಲ್ಲಿಂದಲೇ, ವಾಯ್ಸ್ ಮೆಸೇಜಿನಲ್ಲಿ. ಕೊಯ್ಲಿನ ಕಾಲದಲ್ಲಂತೂ ಹಿಂದೆ ಅಡಿಕೆ ಸುಲಿಯುವ ಕಟಕಟ ಸದ್ದು ಇರುತ್ತದೆ. ಒಬ್ಬರು ಬೈಯುತ್ತಿದ್ದರೆ ಪಕ್ಕದವರು ‘ಅದನ್ನೂ ಹೇಳು’ ಅಂತ ಸೇರಿಸುತ್ತಾರೆ.

ಬಂದದ್ದಕ್ಕೆಲ್ಲ ನಾವು ಒಂದೇ ಮಾತು ಕೇಳುತ್ತೇವೆ: ‘ಎಷ್ಟನೇ ನಿಮಿಷದಲ್ಲಿ?’ ಅರ್ಧಕ್ಕರ್ಧ ಜನ ಅಲ್ಲಿಗೆ ಸುಮ್ಮನಾಗುತ್ತಾರೆ. ನಿಮಿಷ ಹೇಳಿದವರ ಮಾತನ್ನು ಮಾತ್ರ ಆ ಜಾಗಕ್ಕೆ ಹೋಗಿ ಇಬ್ಬರೂ ಕೂತು ಕೇಳುತ್ತೇವೆ.

ನನ್ನ ಬಗ್ಗೆ ಜಾಸ್ತಿ ಬಂದ ದೂರು ಎರಡು. ಒಂದು, ‘ಅಕ್ಕನ ಧ್ವನಿ ಕೀರಲು.’ ಇನ್ನೊಂದು, ‘ಅಕ್ಕ ಜೋರು.’ ಎರಡೂ ಒಂದೇ ಅಂತ ಅನ್ನಿಸಬಹುದು, ಆದರೆ ಒಂದೇ ಅಲ್ಲ.

ಕೀರಲು ಅಂದವರೆಲ್ಲ ಕೇಳುತ್ತಿದ್ದದ್ದು ಮೊಬೈಲಿನ ಸ್ಪೀಕರಿನಲ್ಲಿ, ಅಂಗಳದಲ್ಲಿ ಇಟ್ಟುಕೊಂಡು. ಅಷ್ಟು ಚಿಕ್ಕ ಸ್ಪೀಕರಿನಿಂದ ತಗ್ಗಿನ ಸ್ವರ ಹೊರಗೆ ಬರುವುದೇ ಕಷ್ಟ. ಉಳಿಯುವುದು ಮೇಲಿನ ಚೂಪು. ಇಯರ್‌ಫೋನಿನಲ್ಲಿ ಸರಿಯಿದ್ದ ನನ್ನ ಧ್ವನಿ ಅಲ್ಲಿ ಕಿವಿಗೆ ಚುಚ್ಚುತ್ತಿತ್ತು. ಎಡಿಟ್ ಮಾಡುವಾಗ ನನ್ನ ಟ್ರ್ಯಾಕಿನಲ್ಲಿ 3 ಕಿಲೋಹರ್ಟ್ಸ್ ಸುತ್ತಮುತ್ತ, ಅಂದರೆ ಆ ಚೂಪು ಇರುವ ಕಡೆ, ಸ್ವಲ್ಪ ಇಳಿಸಿದೆ. ಕಳಿಸುವ ಮೊದಲು ಹಳೇ ಮೊಬೈಲೊಂದನ್ನು ಹಿತ್ತಿಲಲ್ಲಿಟ್ಟು, ದೂರ ನಿಂತು ಕೇಳುವುದನ್ನು ರೂಢಿ ಮಾಡಿಕೊಂಡೆ. ಕೀರಲು ಅನ್ನುವ ಮಾತು ಬಹುಮಟ್ಟಿಗೆ ನಿಂತಿತು.

‘ಜೋರು’ ಮಾತ್ರ ನಿಲ್ಲಲಿಲ್ಲ. ಅದು ಶುರುವಾದದ್ದು ಶರಾವತಿ ಮುಳುಗಡೆಯವರ ಕಂತಿನಲ್ಲಿ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅರಣ್ಯ ಹಕ್ಕು ಕಾಯ್ದೆ 2006ರದ್ದು. ಬುಡಕಟ್ಟಿನವರಲ್ಲದವರು ಅದರಲ್ಲಿ ಹಕ್ಕು ಕೇಳಬೇಕಾದರೆ, 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಅಲ್ಲಿ ಬದುಕಿರಬೇಕು. ಮನೆ ಮುಳುಗಿ, ಲಾರಿಯಲ್ಲಿ ಬಂದು ಕಾಡಂಚಿಗೆ ಇಳಿದವರು 75 ವರ್ಷ ಎಲ್ಲಿಂದ ತರಬೇಕು? ಅತಿಥಿಯಾಗಿ ಬಂದಿದ್ದ ಪಕ್ಷದ ಕಾರ್ಯಕರ್ತರಿಗೆ ನಾನು ಕೇಳಿದೆ: ‘ಈ ಷರತ್ತು ಗೊತ್ತಿದ್ದೂ ಅರ್ಜಿ ಹಾಕಿ ಅಂತ ಯಾಕೆ ಹೇಳಿದಿರಿ?’

ಕೇಳುಗರಲ್ಲಿ ಒಬ್ಬರಿಗೆ ನಾನು ಅರಣ್ಯ ಇಲಾಖೆಯ ಕಡೆಯವಳು. ಇನ್ನೊಬ್ಬರಿಗೆ ಎದುರು ಪಾರ್ಟಿಯವಳು. ಎಷ್ಟನೇ ನಿಮಿಷ ಅಂತ ಕೇಳಿದರೆ ಇಬ್ಬರೂ ತೋರಿಸಿದ್ದು ಒಂದೇ ಜಾಗ, ಈ ಪ್ರಶ್ನೆಯದ್ದು. ಉಳಿದವರದ್ದು ‘ದೊಡ್ಡವರನ್ನು ಹಾಗೆ ಕೇಳ್ತಾರಾ?’

ಬಗರ್ ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ) ಕಂತಿಗೆ ಬೇಕಂತಲೇ ಪ್ರಶ್ನೆ ಅದಲು ಬದಲು ಮಾಡಿಕೊಂಡೆವು. ಅಷ್ಟೇ ಖಾರದ ಪ್ರಶ್ನೆಯನ್ನು ಅವನು ಕೇಳಿದ. ‘ಚೆನ್ನಾಗಿ ಹಿಡಿದ್ರಿ’ ಅಂತ ಬಂತು. ಆ ಕಂತಿನಲ್ಲಿ ನಾನು ಹೆಚ್ಚಾಗಿ ಕೇಳಿಸಿಕೊಂಡಿದ್ದೆ. ಅದಕ್ಕೂ ‘ಅಕ್ಕ ಅವರಿಗೆ ಮಾತಾಡೋಕೆ ಬಿಡಲ್ಲ’ ಅಂತೊಂದು. ನಾವು ಒಬ್ಬೊಬ್ಬರಿಗೂ ಬೇರೆ ಟ್ರ್ಯಾಕ್ ರೆಕಾರ್ಡ್ ಮಾಡುವುದರಿಂದ ಯಾರು ಯಾರ ಮಾತಿನ ಮೇಲೆ ಬಿದ್ದರು ಅನ್ನುವುದು ಪರದೆಯಲ್ಲೇ ಕಾಣುತ್ತದೆ. ನನ್ನ ಪಟ್ಟಿ ಬಹಳ ಕಡೆ ಬರೀ ಗೆರೆ, ಅಂದರೆ ನಾನು ಸುಮ್ಮನಿದ್ದೆ. ಗೆಳೆಯ ಅದನ್ನು ನೋಡಿ ನಕ್ಕ. ಆಮೇಲೆ ನಗಲಿಲ್ಲ.

ಹಾಗಾಗಿ ದೂರು ಸದ್ದಿನದ್ದಾದರೆ ಸರಿಮಾಡುತ್ತೇನೆ. ಮಾಹಿತಿಯದ್ದಾದರೆ ಮುಂದಿನ ಕಂತಿನ ಶುರುವಿನಲ್ಲೇ ಓದುತ್ತೇವೆ. ನಾನು ಹೆಂಗಸು ಅನ್ನುವುದಷ್ಟೇ ಆದರೆ, ಪ್ರಶ್ನೆಯ ಖಾರ ಇಳಿಸಲ್ಲ. ‘ನಯವಾಗಿ ಕೇಳಿ’ ಅಂತ ಮನೆಯವರೂ ಹೇಳಿದ್ದಾರೆ. ಕೇಳಿ ನೋಡಿದ್ದೇನೆ, ಅತಿಥಿಗಳು ಆರಾಮಾಗಿ ಜಾರಿಕೊಳ್ಳುತ್ತಾರೆ.

ಈಗ ಅಡಿಕೆಯ ಎಲೆಚುಕ್ಕಿ ರೋಗ ಮತ್ತು ಪರಿಹಾರದ ರಾಜಕೀಯದ ಬಗ್ಗೆ ಕಂತು ತಯಾರಾಗುತ್ತಿದೆ. ಇನ್ನೂ ರೆಕಾರ್ಡಿಂಗೇ ಆಗಿಲ್ಲ, ‘ತೋಟ ಇಲ್ಲದವರು ನೀವೇನು ಮಾತಾಡ್ತೀರಿ’ ಅಂತ ತೀರ್ಥಹಳ್ಳಿ ಕಡೆಯಿಂದ ಒಂದು ಬಂದಿದೆ. ಇದಕ್ಕೆ ನಿಮಿಷ ಕೇಳುವ ಹಾಗಿಲ್ಲ. ಅವರನ್ನೇ ಅತಿಥಿಯಾಗಿ ಕರೆದಿದ್ದೇವೆ.